ಘಟ್ಟದ ಮೀನಿಗೆ ತಾಮ್ರ, ಕಡಲ ಮೀನಿಗೆ ಪಾದರಸ

ದುಬಾರೆಯಲ್ಲಿ ಕಾವೇರಿ ಕಾಲಿಗೇ ಸಿಗುತ್ತಾಳೆ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟುಕೊಂಡು ಆನೆ ಶಿಬಿರ ಸೇರಬಹುದು, ಮಳೆ ಹಿಡಿಯಿತೆಂದರೆ ದೋಣಿಯೇ ಗತಿ, ಹೊಳೆ ಏರಿದರೆ ಅದೂ ಬಂದ್. ಇಷ್ಟು ನೀರು ಬಾಗಿಲಲ್ಲಿದ್ದರೂ ನಂಜರಾಯಪಟ್ಟಣ, ಸಿದ್ದಾಪುರ, ಕುಶಾಲನಗರದ ಅಡುಗೆಮನೆಗೆ ಬರುವ ಮೀನು ಹೆಚ್ಚಾಗಿ ಕಡಲಿನದೇ. ಮಂಗಳೂರು, ಮಲ್ಪೆಯದು ಸಂಪಾಜೆ ಘಾಟಿ ಹತ್ತಿ ಬರುತ್ತದೆ. ಕಣ್ಣೂರು, ತಲಶ್ಶೇರಿಯದು ಮಾಕುಟ್ಟದ ದಾರಿಯಲ್ಲಿ ವಿರಾಜಪೇಟೆಗೆ ಬರುತ್ತದೆ. ಮತ್ತಿ, ಬಂಗುಡೆ, ಸಿಗಡಿ ದಿನದ ಸಾರಿಗೆ. ನೆಂಟರು ಬಂದರೆ ಅಂಜಲ್.

ಮೀನಂಗಡಿಯ ಮುಂದೆ ಈಗೀಗ ಒಂದು ಮಾತು ಕೇಳಿಬರುತ್ತದೆ: ಕಡಲಿಗೆಲ್ಲ ಕಾರ್ಖಾನೆ ನೀರು ಬಿಟ್ಟು ಮೀನಿನಲ್ಲಿ ಲೋಹ ಸೇರಿದೆಯಂತೆ, ನಮ್ಮ ಹೊಳೆ ಮೀನೇ ವಾಸಿ ಅಲ್ಲವಾ? ಹೌದು ಎಂದರೂ ತಪ್ಪಾಗುತ್ತದೆ, ಅಲ್ಲ ಎಂದರೂ ತಪ್ಪಾಗುತ್ತದೆ. ಲೋಹಗಳನ್ನೆಲ್ಲ ಒಂದೇ ಗಂಟು ಕಟ್ಟಿ ‘ವಿಷ’ ಎಂದು ಬರೆದಿಟ್ಟರೆ ಭಯ ಮಾತ್ರ ಉಳಿಯುತ್ತದೆ. ಪಾದರಸ ಮೀನನ್ನು ಈಜಾಡಿಕೊಂಡಿರಲು ಬಿಟ್ಟು ತಿಂದವರನ್ನು ಹಿಡಿಯುತ್ತದೆ. ತಾಮ್ರ ತಿಂದವರನ್ನು ಬಿಟ್ಟು ಮೀನನ್ನೇ ಹಿಡಿಯುತ್ತದೆ. ಮೊದಲನೆಯದು ಬಹುಮಟ್ಟಿಗೆ ಕಡಲ ಕಥೆ, ಎರಡನೆಯದು ನಮ್ಮ ಘಟ್ಟದ್ದು.

ಕಡಲಿನದು ಮೊದಲು ನೋಡೋಣ. ಕರ್ನಾಟಕದ ಕರಾವಳಿಯಲ್ಲಿ ಪಾದರಸದ ಮಾತು ಬಂದರೆ ಕಾರವಾರದ ಬಿಣಗಾ ನೆನಪಾಗಬೇಕು. ಅಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಸಾಬೂನು, ಕಾಗದ, ಬಟ್ಟೆಗೆ ಬೇಕಾಗುವ ಕಾಸ್ಟಿಕ್ ಸೋಡಾವನ್ನು ಹಳೆಯ ವಿಧಾನದಲ್ಲಿ ಮಾಡುತ್ತಿದ್ದುದು ಹೀಗೆ: ಉಪ್ಪುನೀರಿಗೆ ವಿದ್ಯುತ್ ಹಾಯಿಸುವುದು, ಕೆಳಗೆ ಹರಿಯುವ ಪಾದರಸದ ಪದರ ಉಪ್ಪಿನೊಳಗಿನ ಸೋಡಿಯಂ ಅನ್ನು ಎಳೆದುಕೊಳ್ಳುವುದು, ಆ ಮಿಶ್ರಣಕ್ಕೆ ನೀರು ಸೇರಿಸಿ ಕಾಸ್ಟಿಕ್ ಸೋಡಾ ಬಿಡಿಸಿಕೊಂಡು ಪಾದರಸವನ್ನು ಮತ್ತೆ ತೊಟ್ಟಿಗೆ ತಿರುಗಿಸುವುದು. ಲೆಕ್ಕದ ಪ್ರಕಾರ ಪಾದರಸ ಖರ್ಚಾಗುವಂತಿಲ್ಲ. ನಿಜದಲ್ಲಿ ತ್ಯಾಜ್ಯ ನೀರಿನ ಜೊತೆ, ಆವಿಯ ಜೊತೆ ಅಷ್ಟಿಷ್ಟು ಹೋಗುತ್ತಲೇ ಇರುತ್ತದೆ. ಕಾರವಾರದ ಈ ಕಾರ್ಖಾನೆಯ ಸುತ್ತಲಿನ ಪಾದರಸದ ಬಗ್ಗೆ ವಿಜ್ಞಾನಿಗಳು ಬರೆದ ಪ್ರಬಂಧ 1990ರಲ್ಲಿ ಕಡಲ ಮಾಲಿನ್ಯಕ್ಕೆಂದೇ ಮೀಸಲಾದ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬಂತು. ಅದಾದ ಮೇಲೆ ದೇಶದ ಕಾಸ್ಟಿಕ್ ಸೋಡಾ ಉದ್ಯಮ ಪಾದರಸ ಬಿಟ್ಟು ಮೆಂಬ್ರೇನ್ ವಿಧಾನಕ್ಕೆ ಹೊರಳಿತು. 2013ರ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಈ ಉದ್ಯಮದಲ್ಲಿ ಪಾದರಸ ನಿಲ್ಲಿಸಲು ಆ ಒಪ್ಪಂದ ಇಟ್ಟ ಗಡುವು 2025. ಕೊಳವೆ ಬಂದಾದರೂ ಆಗಲೇ ಕೆಸರಿನಲ್ಲಿ ಕೂತ ಪಾದರಸ ಎದ್ದು ಹೋಗುವುದಿಲ್ಲ, ಆ ಮಾತು ಬೇರೆ.

ಆ ಒಪ್ಪಂದದ ಹೆಸರು ಜಪಾನಿನ ಒಂದು ಮೀನುಗಾರರ ಊರಿನದು. ಮಿನಮಾಟದಲ್ಲಿ ಚಿಸ್ಸೊ ಎಂಬ ರಾಸಾಯನಿಕ ಕಂಪನಿ ಕೊಲ್ಲಿಗೆ ಬಿಟ್ಟ ನೀರಿನಲ್ಲಿ ಪಾದರಸವಿತ್ತು. ಮೊದಲು ಹುಚ್ಚೆದ್ದು ಕುಣಿದು ಸತ್ತದ್ದು ಬೆಕ್ಕುಗಳು, ಆಮೇಲೆ ಮನುಷ್ಯರಲ್ಲಿ ನಡುಕ, ತೊದಲು, ಕುರುಡು ಕಾಣಿಸಿಕೊಂಡಿತು. ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ಕಂಪನಿಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಹಾಜಿಮೆ ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕಿಗೆ ತಿನ್ನಿಸಿ ಅದೇ ಕಾಯಿಲೆ ಬರುವುದನ್ನು 1959ರಲ್ಲೇ ಕಂಡಿದ್ದರು. ಸರ್ಕಾರ ಬಾಯಿಬಿಟ್ಟು ಒಪ್ಪಿಕೊಂಡದ್ದು 1968ರಲ್ಲಿ. ನಡುವಿನ ಒಂಬತ್ತು ವರ್ಷ ಜನ ಅದೇ ಕೊಲ್ಲಿಯ ಮೀನು ತಿನ್ನುತ್ತಿದ್ದರು.

ಇಲ್ಲಿ ಗಮನಿಸಬೇಕಾದ ವಿಷಯವೆಂದರೆ ಮಿನಮಾಟದ ಜನ ಕೊಲ್ಲಿಯ ನೀರು ಕುಡಿದು ಕಾಯಿಲೆ ಬಿದ್ದವರಲ್ಲ. ಕಡಲ ತಳದ ಕೆಸರಿನಲ್ಲಿ, ಗಾಳಿಯಾಡದ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಪಾದರಸವನ್ನು ಮಿಥೈಲ್ ಪಾದರಸವಾಗಿ ಬದಲಿಸಬಲ್ಲವು. ದೇಹ ಹೊರಗೆ ಹಾಕಲು ಕಷ್ಟಪಡುವ ರೂಪ ಅದು. ಪಾಚಿಯಿಂದ ಸೂಕ್ಷ್ಮಜೀವಿಗೆ, ಅದರಿಂದ ಚಿಕ್ಕ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಹೋಗುವಾಗ ಪ್ರತಿ ಮೆಟ್ಟಿಲಲ್ಲೂ ಸಾಂದ್ರತೆ ಏರುತ್ತದೆ. ನೀರಿನಲ್ಲಿ ಪತ್ತೆಯೇ ಆಗದಷ್ಟಿರುವುದು ದೊಡ್ಡ ಬೇಟೆಗಾರ ಮೀನಿನ ಮಾಂಸದಲ್ಲಿ ಹತ್ತು ಲಕ್ಷ ಪಟ್ಟಿನವರೆಗೂ ಹೆಚ್ಚಿರಬಹುದು. ಅದು ಕೊಬ್ಬಿನಲ್ಲಿ ಕೂರುವುದಿಲ್ಲ, ಮಾಂಸದ ಪ್ರೊಟೀನಿಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಚರ್ಮ ತೆಗೆದರೂ, ಕೊಬ್ಬು ಕೆರೆದರೂ, ಉಪ್ಪು ಅರಿಶಿನ ಹಚ್ಚಿ ತೊಳೆದರೂ, ಮಣ್ಣಿನ ಚಟ್ಟಿಯಲ್ಲಿ ಕಾಚಂಪುಳಿ ಹಾಕಿ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಕಾಚಂಪುಳಿ ಮೀನು ಸಾರಿಗೆ ಬೇಕೇ ಬೇಕು, ಆದರೆ ರುಚಿಗೆ ಮಾತ್ರ.

2018ರಲ್ಲಿ ಕೇರಳದ ಗಡಿ ಚೌಕಿಗಳಲ್ಲಿ ಫಾರ್ಮಾಲಿನ್ ಹಚ್ಚಿದ ಮೀನು ಲೋಡುಗಟ್ಟಲೆ ಸಿಕ್ಕಿಬಿದ್ದಾಗ ದೊಡ್ಡ ಗಲಾಟೆಯಾಯಿತು. ಫಾರ್ಮಾಲಿನ್ ಪತ್ತೆಗೆ ಕಾಗದದ ಪಟ್ಟಿ ಒರೆಸಿ ನಿಮಿಷದಲ್ಲಿ ನೋಡುವ ಕಿಟ್ ಇದೆ. ಲೋಹಕ್ಕೆ ಅಂಥ ಪಟ್ಟಿ ಇಲ್ಲ. ವಾಸನೆ ಇಲ್ಲ, ಬಣ್ಣ ಬದಲಾಗುವುದಿಲ್ಲ, ಕಿವಿರು ಕೆಂಪಗೆ ಕಣ್ಣು ಹೊಳೆಯುತ್ತಾ ಇರುವ ತಾಜಾ ಮೀನಿನಲ್ಲೂ ಇರಬಹುದು. ಮೂಸಿ, ಒತ್ತಿ, ಕಿವಿರು ಎತ್ತಿ ಆರಿಸುವ ನಮ್ಮ ವಿದ್ಯೆಯೆಲ್ಲ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೆ ಬರುವುದು ಬೇರೊಂದು ವಿದ್ಯೆ: ಮೀನು ಎಷ್ಟು ದೊಡ್ಡದು, ಏನು ತಿಂದು ಬೆಳೆದದ್ದು ಎಂದು ನೋಡುವುದು.

ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಸಾಮಾನ್ಯ ಮೀನಿಗೆ ಕಿಲೋಗೆ 0.5 ಮಿಲಿಗ್ರಾಂ, ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನಿಗೆ 1 ಮಿಲಿಗ್ರಾಂ ಪಾದರಸದ ಮಿತಿ ಇದೆ. ಆಹಾರದ ಮಾಲಿನ್ಯ ನೋಡುವ ವಿಶ್ವಸಂಸ್ಥೆಯ ತಜ್ಞ ಸಮಿತಿ 2003ರಲ್ಲಿ ಹಾಕಿದ ಲೆಕ್ಕದಂತೆ ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮಿಥೈಲ್ ಪಾದರಸ ಮೀರಬಾರದು. ಹೊಟ್ಟೆಯೊಳಗಿನ ಮಗುವಿನ ಮಿದುಳನ್ನು ಮನಸ್ಸಿನಲ್ಲಿಟ್ಟು ಹಾಕಿದ ಲೆಕ್ಕ ಅದು. 60 ಕಿಲೋ ತೂಕದ ಹೆಂಗಸಿಗೆ ವಾರಕ್ಕೆ 96 ಮೈಕ್ರೋಗ್ರಾಂ ಆಯಿತು. ಅಮೆರಿಕದ ಆಹಾರ ಇಲಾಖೆ ಅಲ್ಲಿನ ಮೀನುಗಳನ್ನು ಅಳೆದಿಟ್ಟ ಪಟ್ಟಿಯಲ್ಲಿ ನಮ್ಮ ಮತ್ತಿಯ ಬಳಗದ ಸಾರ್ಡೀನಿಗೆ ಸರಾಸರಿ ಕಿಲೋಗೆ 0.013 ಮಿಲಿಗ್ರಾಂ ಇದೆ. ನಮ್ಮ ಅಂಜಲ್‌ಗೆ ಹತ್ತಿರದ ನೆಂಟನಾದ ಕಿಂಗ್ ಮ್ಯಾಕೆರೆಲ್‌ಗೆ 0.73 ಇದೆ, ಶಾರ್ಕಿಗೆ ಹೆಚ್ಚುಕಡಿಮೆ 1. ಈ ಅಂಕಿಗಳನ್ನೇ ಹಿಡಿದು ನೋಡಿದರೆ ಆ ಹೆಂಗಸು ಮಿತಿ ಮುಟ್ಟಲು ಸಾರ್ಡೀನ್ ಆದರೆ ವಾರಕ್ಕೆ ಏಳು ಕಿಲೋಗೂ ಹೆಚ್ಚು ತಿನ್ನಬೇಕು. ಕಿಂಗ್ ಮ್ಯಾಕೆರೆಲ್ ಆದರೆ 130 ಗ್ರಾಂ ಸಾಕು, ಅಂದರೆ ಒಂದು ದಪ್ಪ ತುಂಡು.

ಅದು ಅಟ್ಲಾಂಟಿಕ್ಕಿನ ಲೆಕ್ಕ. ನಮ್ಮ ಅಂಜಲ್‌ನಲ್ಲೂ ಅಷ್ಟೇ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮೆಟ್ಟಿಲು ಅದೇ. ಮತ್ತಿ ಪಾಚಿ, ಸೂಕ್ಷ್ಮಜೀವಿ ತಿಂದು ಎರಡು ಮೂರು ವರ್ಷದಲ್ಲಿ ಬದುಕು ಮುಗಿಸುತ್ತದೆ. ಅಂಜಲ್ ಮೀನು ತಿಂದೇ ಬೆಳೆಯುತ್ತದೆ, ಕೇದರವೂ ಹಾಗೇ, ಶಾರ್ಕಂತೂ ಸರಿಯೇ. ಬಡವರ ಮೀನೆಂದು ಮೂಗು ಮುರಿಸಿಕೊಂಡ ಮತ್ತಿ, ಬಂಗುಡೆಯೇ ಈ ವಿಷಯದಲ್ಲಿ ಗೆದ್ದವು. ನೆಂಟರ ಎದುರು ಬಡಿಸಲು ಅಂಜಲ್ ತರುವುದನ್ನು ಬಿಡಬೇಕಿಲ್ಲ. ಬಸುರಿ ಮಗಳಿಗೆ, ಮೊಲೆಯೂಡಿಸುವ ಸೊಸೆಗೆ, ಎರಡು ಮೂರು ವರ್ಷದ ಮಕ್ಕಳಿಗೆ ಮಾತ್ರ ದೊಡ್ಡ ಮೀನಿನ ತುಂಡಿನ ಬದಲು ಮತ್ತಿ, ಬಂಗುಡೆಯನ್ನೇ ಬಡಿಸಿ. ಮೀನು ತಿನ್ನುವುದನ್ನೇ ಬಿಡಿಸಬೇಡಿ, ಆ ಎಣ್ಣೆ, ಆ ಪ್ರೊಟೀನು ಮಗುವಿಗೆ ಬೇಕು. ತಿಂದ ಪಾದರಸ ಕಾಲಕ್ರಮೇಣ ದೇಹ ಬಿಟ್ಟು ಹೋಗುತ್ತದೆ, ಅರ್ಧಕ್ಕಿಳಿಯಲು ಸುಮಾರು ಐವತ್ತರಿಂದ ಎಪ್ಪತ್ತು ದಿನ ಬೇಕು. ಆದ್ದರಿಂದ ಮಗು ಬೇಕೆಂದು ಯೋಚಿಸುವ ಹೊತ್ತಿಗೇ ಮೀನು ಬದಲಿಸಿಕೊಂಡರೆ ಒಳ್ಳೆಯದು.

ಉಳಿದ ಲೋಹಗಳನ್ನು ಬೇಗ ಮುಗಿಸುತ್ತೇನೆ. ಕ್ಯಾಡ್ಮಿಯಂ ಮಾಂಸಕ್ಕಿಂತ ಯಕೃತ್ತು, ಮೂತ್ರಪಿಂಡದಲ್ಲಿ ಸೇರುತ್ತದೆ. ಬೊಂಡಾಸ್, ಏಡಿಯ ಹೊಟ್ಟೆಯೊಳಗಿನ ಕಂದು ಭಾಗ ಅದಕ್ಕೆ ಇಷ್ಟದ ಜಾಗ. ಭಾರತದ ಬೊಂಡಾಸ್ ಯುರೋಪಿನ ಬಂದರುಗಳಲ್ಲಿ ಕ್ಯಾಡ್ಮಿಯಂ ಕಾರಣಕ್ಕೆ ತಕರಾರಿಗೆ ಸಿಕ್ಕಿದ್ದಿದೆ. ಶುಚಿ ಮಾಡುವಾಗ ಒಳಗಿನದನ್ನು ಪೂರ್ತಿ ತೆಗೆದರೆ ಹೆಚ್ಚಿನದು ಹೋಗುತ್ತದೆ. ಸಮುದ್ರದ ಮೀನಿನಲ್ಲಿ ಆರ್ಸೆನಿಕ್ ಇದೆ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ, ಅದರ ಬಹುಪಾಲು ದೇಹಕ್ಕೆ ತೊಂದರೆ ಕೊಡದ ರೂಪದ್ದು. ಸೀಸ ಬೇರೆ ಕಡೆಯಿಂದಲೇ ಹೆಚ್ಚು ಬರುತ್ತದೆ, ಮೀನಿನಿಂದಲ್ಲ.

ಈಗ ಘಟ್ಟಕ್ಕೆ ಬರೋಣ. ಇಲ್ಲಿ ಲೋಹದ ಕಾರ್ಖಾನೆ ಇಲ್ಲ, ಗಣಿ ಇಲ್ಲ. ಆದರೂ ಲೋಹ ಇದೆ, ನಾವೇ ಡ್ರಮ್ಮಿನಲ್ಲಿ ಕಲಸುತ್ತೇವೆ. ಮೈಲುತುತ್ತ, ಸುಣ್ಣ, ನೀರು ಸೇರಿದ ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1885ರ ಹೊತ್ತಿಗೆ ಪ್ರಸಿದ್ಧಿಗೆ ಬಂದ ಈ ಔಷಧಿ ಇಲ್ಲಿ ಕಾಫಿಯ ಎಲೆತುಕ್ಕಿಗೆ, ಕೊಳೆರೋಗಕ್ಕೆ, ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗಕ್ಕೆ ಇಂದಿಗೂ ಮೊದಲ ಮದ್ದು. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣದ ನೀರಿಗೆ ತುತ್ತದ ನೀರು ಸುರಿಯುತ್ತಾ ಕೋಲಿನಿಂದ ಕದಡುತ್ತಾರೆ, ಆಕಾಶ ನೀಲಿಯ ಗಂಜಿಯಂತಾಗುತ್ತದೆ. ಆಮೇಲೆ ತೋಟದ ಹಳೆಯ ಕೈಗಳು ಒಂದು ಹೊಳಪಿನ ಕತ್ತಿಯನ್ನು ಅದರಲ್ಲಿ ಒಂದು ನಿಮಿಷ ಅದ್ದಿ ಎತ್ತಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಛಾಯೆ ಬಂದಿದ್ದರೆ ಸುಣ್ಣ ಸಾಲದು: ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂತಿದೆ ಎಂದರ್ಥ. ಇನ್ನಷ್ಟು ಸುಣ್ಣ ಹಾಕುತ್ತಾರೆ, ಕತ್ತಿ ಬಿಳಿಯಾಗಿ ಬರುವ ತನಕ. ಎಲೆ ಸುಡಬಾರದೆಂದು ಮಾಡುವ ಪರೀಕ್ಷೆ ಇದು. ಹೊಳೆಯ ಮೀನಿಗೂ ಇದೇ ಪರೀಕ್ಷೆ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಮೀನನ್ನು ಕೊಲ್ಲುವುದು ಆ ಬಿಡಿ ತಾಮ್ರವೇ.

ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಅಂದರೆ ಇನ್ನೂರು ಲೀಟರ್ ಡ್ರಮ್ಮಿನಲ್ಲಿ ಅರ್ಧ ಕಿಲೋ ತಾಮ್ರ. ಸಿದ್ದಾಪುರ, ದುಬಾರೆ ಕಡೆ ರೊಬಸ್ಟಾ ಹೆಚ್ಚು, ಅದಕ್ಕೆ ಎಲೆತುಕ್ಕಿನ ಕಾಟ ಅರೇಬಿಕಾದಷ್ಟಿಲ್ಲ, ಸಿಂಪಡಣೆಯೂ ಅಷ್ಟು ಬೇಕಾಗುವುದಿಲ್ಲ. ಆದರೆ ನೆರಳಿನ ಮರಗಳಿಗೆಲ್ಲ ಮೆಣಸು ಹಬ್ಬಿದೆ, ಮೆಣಸಿಗೆ ಬೆಲೆಯೂ ಇದೆ, ಬೋರ್ಡೋ ಬಿಡುವ ಮಾತೇ ಇಲ್ಲ. ಎಲೆ ಮೇಲೆ ಒಣಗಿ ಕೂತದ್ದು ಸುಲಭಕ್ಕೆ ಕರಗುವುದಿಲ್ಲ, ಮಣ್ಣಿಗೆ ಬಿದ್ದದ್ದು ಎಲೆಗೊಬ್ಬರಕ್ಕೆ ಅಂಟಿಕೊಳ್ಳುತ್ತದೆ. ತೋಟದ ಮಣ್ಣು ವರ್ಷವರ್ಷವೂ ತಾಮ್ರ ಕೂಡಿಡುತ್ತದೆ, ಜೂನಿನ ಮಳೆಯಲ್ಲಿ ಮಣ್ಣು ಕೊಚ್ಚಿಹೋದರೆ ತಾಮ್ರವೂ ಹೊಳೆ ಸೇರುತ್ತದೆ. ಇದು ನಿಧಾನದ ದಾರಿ. ನೇರ ದಾರಿಯೂ ಒಂದಿದೆ: ಸಂಜೆ ಕೆಲಸ ಬಿಡುವ ಹೊತ್ತಿಗೆ ಡ್ರಮ್ಮು, ಸ್ಪ್ರೇಯರು, ಬಕೆಟ್ಟುಗಳನ್ನು ತೊರೆಯಲ್ಲೇ ಜಾಲಾಡುವುದು. ನೂರು ಎಕರೆಗೆ ಸಿಂಪಡಿಸಿದ್ದಕ್ಕಿಂತ ಆ ಹತ್ತು ನಿಮಿಷ ತೊರೆಯ ಮೀನಿಗೆ ಕಷ್ಟ.

ಕಷ್ಟ ಎಂದರೆ ಹೇಗೆ? ಸಿಹಿನೀರಿನ ಮೀನು ಸದಾ ತನ್ನ ಮೈಯ ಉಪ್ಪನ್ನು ನೀರಿಗೆ ಕಳೆದುಕೊಳ್ಳುತ್ತಾ ಕಿವಿರಿನ ಮೂಲಕ ಮತ್ತೆ ಹೀರಿಕೊಳ್ಳುತ್ತಾ ಬದುಕುವ ಜೀವಿ. ತಾಮ್ರ ಆ ಹೀರುವ ಬಾಗಿಲನ್ನೇ ಮುಚ್ಚುತ್ತದೆ. ಸಾಯದಷ್ಟು ಕಡಿಮೆ ಪ್ರಮಾಣದಲ್ಲೂ ಮೀನಿನ ಮೂಗು ಕೆಡುತ್ತದೆ, ಶತ್ರುವಿನ ವಾಸನೆ, ಜೊತೆಗಾರನ ವಾಸನೆ ತಿಳಿಯುವುದಿಲ್ಲ. ಸುಣ್ಣದಂಶ ಹೆಚ್ಚಿರುವ ಗಡಸು ನೀರಿನಲ್ಲಿ ಈ ವಿಷ ಮೆತ್ತಗಾಗುತ್ತದೆ. ಗ್ರಾನೈಟು, ನೈಸ್ ಬಂಡೆಯ ಮೇಲೆ ಮಳೆ ಸುರಿದು ಹರಿಯುವ ನಮ್ಮ ತೊರೆಗಳದ್ದು ಮೆದು ನೀರು. ಬಟ್ಟೆ ಒಗೆಯಲು ಸಾಬೂನು ಕಡಿಮೆ ಸಾಕಾಗುವ ಇದೇ ನೀರಿನಲ್ಲಿ ಅಷ್ಟೇ ತಾಮ್ರ ಹೆಚ್ಚು ಕೆಲಸ ಮಾಡುತ್ತದೆ.

ಜೊತೆಗೆ ಪಲ್ಪರ್ ನೀರು. ಡಿಸೆಂಬರಿನಿಂದ ಫೆಬ್ರವರಿವರೆಗೆ, ಹೊಳೆ ಇಳಿದಿರುವಾಗ, ಹಣ್ಣು ಸುಲಿದ ಹುಳಿನೀರು ತೊರೆಗೆ ಬಂದರೆ ಆಮ್ಲಜನಕ ಮುಗಿದು ಮೀನು ತೇಲುತ್ತದೆ. ಊರವರು ‘ವಿಷ ಹಾಕಿದರು’ ಎನ್ನುತ್ತಾರೆ. ಬಹುಪಾಲು ಅದು ಉಸಿರುಗಟ್ಟಿದ ಸಾವು, ಲೋಹದ್ದಲ್ಲ. ಆದರೆ ಆ ನೀರಿನ ಹುಳಿ ಕೆಸರಿಗೆ ಅಂಟಿಕೊಂಡ ತಾಮ್ರವನ್ನು ಬಿಡಿಸಬಲ್ಲದು ಎಂಬುದನ್ನು ಮರೆಯುವಂತಿಲ್ಲ.

ತಿನ್ನುವವರಿಗೆ ಇದರಿಂದ ಏನು? ಹೆಚ್ಚೇನಿಲ್ಲ. ತಾಮ್ರ ನಮ್ಮ ದೇಹಕ್ಕೂ ಸ್ವಲ್ಪ ಬೇಕು, ಹೆಚ್ಚಾದದ್ದನ್ನು ಪಿತ್ತದ ಮೂಲಕ ದೇಹ ಹೊರಹಾಕುತ್ತದೆ. ಮೀನಿನಲ್ಲೂ ಅದು ಯಕೃತ್ತಿನಲ್ಲಿ ಕೂರುತ್ತದೆ, ಮಾಂಸದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ. ಕಕ್ಕಡದ ತಿಂಗಳಲ್ಲಿ ಗದ್ದೆಯ ಏಡಿ ಸಾರು ಉಣ್ಣುವವರು ತಿಳಿದಿರಲಿ, ಏಡಿಯ ರಕ್ತವೇ ತಾಮ್ರದ್ದು, ಗಾಳಿ ತಾಗಿದರೆ ನೀಲಿಯಾಗುತ್ತದೆ. ಅದು ಮಾಲಿನ್ಯವಲ್ಲ, ಹುಟ್ಟುಗುಣ.

ಹಾಗಾದರೆ ಹೊಳೆ ಮೀನು ಪಾದರಸದಿಂದ ಪಾರೇ? ಘಟ್ಟ ಎತ್ತರದಲ್ಲಿದೆ ಎಂಬ ಒಂದೇ ಕಾರಣಕ್ಕೆ ಪಾರು ಎನ್ನಲಾಗದು. ನಮ್ಮಂತೆಯೇ ಪ್ರವಾಸಿಗರ ಊರಾದ ಕೊಡೈಕೆನಾಲಿನಲ್ಲಿ ಥರ್ಮಾಮೀಟರ್ ಕಾರ್ಖಾನೆ ಇತ್ತು, ಅಮೆರಿಕದಲ್ಲಿ ಬೇಡವಾದ ಹಳೆಯ ಯಂತ್ರಗಳನ್ನು ತಂದು 1980ರ ದಶಕದಲ್ಲಿ ಹೂಡಿದ್ದು. 2001ರಲ್ಲಿ ಅದು ಮುಚ್ಚಿತು. ಆಮೇಲೆ ಹೈದರಾಬಾದಿನ ವಿಜ್ಞಾನಿಗಳು ಕೊಡೈ ಕೆರೆಯ ನೀರು, ಕೆಸರು, ಮೀನು ಮೂರರಲ್ಲೂ ಪಾದರಸ ಕಂಡು 2006ರಲ್ಲಿ ಪ್ರಕಟಿಸಿದರು. ಕೃಷಿಯಲ್ಲೂ ಪಾದರಸವಿತ್ತು. ಕಬ್ಬಿನ ಬಿತ್ತನೆ ತುಂಡುಗಳನ್ನು ಅದ್ದುತ್ತಿದ್ದ ಪಾದರಸದ ಶಿಲೀಂಧ್ರನಾಶಕವನ್ನು ಕೇಂದ್ರ ಸರ್ಕಾರ ಪೂರ್ತಿ ನಿಷೇಧಿಸಿದ್ದು 2018ರಲ್ಲಿ. ಇರಾಕಿನಲ್ಲಿ 1971ರಲ್ಲಿ ಅಂಥ ಔಷಧಿ ಹಚ್ಚಿದ ಬಿತ್ತನೆ ಗೋಧಿಯನ್ನು ರೊಟ್ಟಿ ಮಾಡಿ ತಿಂದು ನೂರಾರು ಜನ ಸತ್ತಿದ್ದರು. ಹೊಸದಾಗಿ ಅಣೆಕಟ್ಟು ಕಟ್ಟಿ ಕಾಡು ಮುಳುಗಿಸಿದಾಗಲೂ ಕೊಳೆಯುವ ಎಲೆಕಸದಲ್ಲಿ ಮಿಥೈಲ್ ಪಾದರಸ ಹುಟ್ಟುವುದು ಹೆಚ್ಚುತ್ತದೆ, ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಇಳಿಯುತ್ತದೆ. ಹಾರಂಗಿ ಜಲಾಶಯ ಆ ವಯಸ್ಸು ದಾಟಿದೆ.

ಕಾವೇರಿಯಲ್ಲಿ ಲೋಹ ಕೂಡಿಡಲು ಹೇಳಿ ಮಾಡಿಸಿದಂತಹ ಮೀನು ಒಂದಿದೆ, ಗೂನುಬೆನ್ನಿನ ಮಹಶೀರ್. ದೊಡ್ಡದಾಗಿ ಬೆಳೆಯುತ್ತದೆ, ಬಹುಕಾಲ ಬದುಕುತ್ತದೆ, ಏಡಿ, ಬಸವನಹುಳು, ಚಿಕ್ಕ ಮೀನು, ಉದುರಿದ ಹಣ್ಣು ಎಲ್ಲವನ್ನೂ ತಿನ್ನುತ್ತದೆ. ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲ. ಅದರ ವೈಜ್ಞಾನಿಕ ಗುರುತು ಖಚಿತವಾದದ್ದೇ 2018ರಲ್ಲಿ, ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ವಾಲ್ನೂರಿನ ಆಸುಪಾಸಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ವರ್ಷಗಳಿಂದ ಮಹಶೀರನ್ನು ಕಾಯ್ದುಕೊಂಡು ಬಂದಿದೆ, ಗಾಳಕ್ಕೆ ಸಿಕ್ಕಿದ್ದನ್ನು ತಿರುಗಿ ಹೊಳೆಗೇ ಬಿಡಬೇಕು. ಕೆಳಗೆ ರಾಮನಾಥಪುರದಲ್ಲಿ ಅವು ದೇವರ ಮೀನುಗಳು, ಮಂಡಕ್ಕಿ ತಿಂದುಕೊಂಡು ಸುಖವಾಗಿವೆ. ಹೆಚ್ಚು ಲೋಹ ಸೇರಿರಬಹುದಾದ ಮೀನನ್ನೇ ಯಾರೂ ತಿನ್ನುವಂತಿಲ್ಲ. ಕದ್ದು ಸಿಡಿಮದ್ದು ಹಾಕುವವರನ್ನು ಬಿಟ್ಟರೆ, ಅವರ ಆರೋಗ್ಯದ ಚಿಂತೆ ಈ ಅಂಕಣಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಹೊಳೆಯ ಮೀನನ್ನು ಅಳೆಯುವ ವ್ಯವಸ್ಥೆಯ ಬಗ್ಗೆ ನನಗೆ ತಕರಾರಿದೆ. ನದಿನೀರನ್ನು ಎ ಯಿಂದ ಇ ವರೆಗೆ ದರ್ಜೆ ಹಾಕುತ್ತಾರಲ್ಲ, ಅದರಲ್ಲಿ ಡಿ ದರ್ಜೆ ‘ವನ್ಯಜೀವಿ ಮತ್ತು ಮೀನುಗಾರಿಕೆಗೆ ಯೋಗ್ಯ’ ನೀರು. ಆ ಯೋಗ್ಯತೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಅಳತೆಗಳು ಮೂರು: ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು, ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಅಷ್ಟೇ. ತಾಮ್ರ ಇಲ್ಲ, ಪಾದರಸ ಇಲ್ಲ, ಸೀಸ ಇಲ್ಲ. ಪರೀಕ್ಷೆಯಲ್ಲಿ ಪಾಸಾದ ನೀರಿನಲ್ಲಿ ಮೀನಿನ ಮೂಗು ಕೆಟ್ಟಿರಬಹುದು, ಮಾಂಸದಲ್ಲಿ ಪಾದರಸ ಇರಬಹುದು, ಪ್ರಮಾಣಪತ್ರಕ್ಕೆ ಅದು ಗೊತ್ತಾಗುವುದಿಲ್ಲ. ಮೇಲಾಗಿ ಪಾದರಸವನ್ನು ನೀರಿನಲ್ಲಿ ಹುಡುಕಿ ಪ್ರಯೋಜನವಿಲ್ಲ ಎಂದು ಮಿನಮಾಟದಿಂದಲೇ ಗೊತ್ತಿದೆ, ಮೀನಿನಲ್ಲೇ ನೋಡಬೇಕು.

ಇದಕ್ಕೆ ಕೋಟಿಗಟ್ಟಲೆ ಖರ್ಚಿನ ಯೋಜನೆ ಬೇಕಿಲ್ಲ. ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರವಿದೆ, ಮೀನು ಬಲ್ಲ ಸಿಬ್ಬಂದಿ ಅಲ್ಲಿದ್ದಾರೆ. ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಇದೆ. ಮೊದಲ ಸಿಂಪಡಣೆ ಮುಗಿದು ಮುಂಗಾರು ಇಳಿದ ವಾರ ಒಮ್ಮೆ, ಜನವರಿಯಲ್ಲಿ ಪಲ್ಪಿಂಗ್ ಜೋರಾಗಿರುವಾಗ ಇನ್ನೊಮ್ಮೆ, ದುಬಾರೆಯ ಮೇಲೊಂದು ಕಡೆ, ಕುಶಾಲನಗರದ ಕೆಳಗೊಂದು ಕಡೆ ಬಲೆ ಬೀಸಿದರೆ ಸಾಕು. ಮಹಶೀರನ್ನು ಮುಟ್ಟಬೇಕಿಲ್ಲ, ಅದೇ ನೀರಿನ ಕಟ್ಲಾ, ಜಿಲೇಬಿ ನಡೆಯುತ್ತದೆ. ಮಾಂಸ ಒಂದು ಪೊಟ್ಟಣ, ಯಕೃತ್ತು ಒಂದು, ಕಿವಿರು ಒಂದು. ಮೂರನ್ನೂ ಒಟ್ಟಿಗೆ ರುಬ್ಬಿ ಕಳಿಸಿದರೆ ತಾಮ್ರ ಎಲ್ಲಿ ಕೂತಿದೆ, ಪಾದರಸ ಎಲ್ಲಿ ಕೂತಿದೆ ಎಂದು ಹೇಳಲು ಯಾರಿಂದಲೂ ಆಗದು.